ಆರ್ಡರ್ ಬುಕ್ಕಿನ ‘ವಾಪಸ್’: ಒಬ್ಬ ಟೈಲರ್‌ನ ಕೊನೆಯ ಏಳು ವಾರ

ವಯಸ್ಸು 54. ಕಸುಬು ಟೈಲರಿಂಗ್. ಬಲಗೆನ್ನೆಯ ಒಳಪದರದ ಕ್ಯಾನ್ಸರ್. ಆಪರೇಷನ್ ಆಗಿ, ರೇಡಿಯೇಷನ್ ಮುಗಿದು ಹನ್ನೊಂದು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಎದ್ದಿದೆ. ಬಾಯಿ ಒಂದು ಬೆರಳಿನಷ್ಟೂ ತೆರೆಯುವುದಿಲ್ಲ. ಕೆನ್ನೆ ತೂತಾಗಿ ಜೊಲ್ಲು ಹೊರಗೆ ಇಳಿಯುತ್ತದೆ. ಊಟ ಮೂಗಿನ ನಳಿಗೆಯಲ್ಲಿ. ನೋವು ಹತ್ತಕ್ಕೆ ಎಂಟು. ಬೆಂಗಳೂರಿನ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದ ಕೊನೆಯ ಸಾಲು: ‘ಬೆಸ್ಟ್ ಸಪೋರ್ಟಿವ್ ಕೇರ್’.

ಆ ಸಾಲಿನ ಅರ್ಥ ಮನೆಯಲ್ಲಿ ದೊಡ್ಡ ಮಗನಿಗೆ ಮಾತ್ರ ಗೊತ್ತಿತ್ತು. ಡಾಕ್ಟರು ಅವನನ್ನು ಬಾಗಿಲಾಚೆ ಕರೆದು, ಇನ್ನು ಕೀಮೋ ಕೊಟ್ಟರೂ ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದಿದ್ದರು. ಅವನು ಅಮ್ಮನಿಗೆ ಹೇಳಿದ. ಅಮ್ಮ, ಮಗ ಇಬ್ಬರೂ ಸೇರಿ ಅಪ್ಪನಿಗೆ ಹೇಳಬಾರದೆಂದು ತೀರ್ಮಾನಿಸಿದರು. ಪಿಯುಸಿ ಓದುವ ಚಿಕ್ಕ ಮಗನಿಗಂತೂ ‘ಹುಣ್ಣು ಒಣಗ್ತಾ ಇದೆ’ ಅಂದರಾಯಿತು.

ಗುಣವಾಗದ ಕಾಯಿಲೆಯವರ ನೋವು ಇಳಿಸಿ ಕೊನೆಯವರೆಗೆ ನೋಡಿಕೊಳ್ಳುವ ಜಾಗಕ್ಕೆ ಹಾಸ್ಪಿಸ್ ಎನ್ನುತ್ತಾರೆ. ನಾನು ಅಂಥ ಒಂದು ಹಾಸ್ಪಿಸ್‌ನಿಂದ ರೋಗಿಗಳ ಮನೆಗೆ ಹೋಗುವ ಹೋಮ್ ಕೇರ್ ನರ್ಸ್. ಇಲ್ಲಿ ಬರೆಯುತ್ತಿರುವುದು ಒಬ್ಬರೇ ರೋಗಿಯ ಫೈಲಲ್ಲ. ಗುರುತು ಸಿಗಬಾರದೆಂದು ಹಲವು ಮನೆಗಳಲ್ಲಿ ಕಂಡದ್ದನ್ನು ಒಂದೇ ಮನೆಯೊಳಗೆ ತಂದಿದ್ದೇನೆ. ಊರು ತುಮಕೂರು ಕಡೆಯ ಒಂದು ತಾಲ್ಲೂಕು ಕೇಂದ್ರ ಎಂದಿಟ್ಟುಕೊಳ್ಳಿ.

ಮೊದಲ ಭೇಟಿಗೆ ಹೋದದ್ದು ಗೌರಿ ಹಬ್ಬ ಕಳೆದ ಮರುವಾರ. ಚಪ್ಪಲಿ ಬಿಡುವಾಗಲೇ ವಾಸನೆ ಬಂತು. ಎರಡು ಊದುಬತ್ತಿ ಹಚ್ಚಿ, ಬಾಗಿಲಿಗೆ ಪರದೆ ಬಿಟ್ಟಿದ್ದರು. ಒಳಗೆ ಹೋಗುವ ಮುಂಚೆ ಹೆಂಡತಿ ನನ್ನ ಕೈ ಹಿಡಿದು ಸಂಪಿಗೆ ಗಿಡದ ಹತ್ತಿರ ಕರೆದುಕೊಂಡು ಹೋದರು.

“ಸಿಸ್ಟರ್, ಅವ್ರಿಗೆ ಏನೂ ಹೇಳ್ಬೇಡಿ. ಗೊತ್ತಾದ್ರೆ ಅವತ್ತೇ ಎದೆ ಒಡ್ಕೊಂಡ್ಬಿಡ್ತಾರೆ. ನೀವು ಡ್ರೆಸ್ಸಿಂಗ್ ಮಾಡೋಕೆ ಬಂದಿದೀರ ಅಂತ ಹೇಳಿದೀನಿ.”

ಈ ಮಾತನ್ನು ನಾನು ಎಷ್ಟು ಅಂಗಳಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿಟ್ಟು ಬರುತ್ತಿತ್ತು: ರೋಗ ಅವರದು, ಗುಟ್ಟು ಇವರದೇ? ಈಗ ಬರುವುದಿಲ್ಲ. ಹೇಳಬೇಡಿ ಅನ್ನುವವರು ಕಟ್ಟಿಕೊಂಡವರನ್ನು ಕಾಪಾಡಲು ಕೈಲಿರುವ ಕೊನೆಯ ಉಪಾಯವನ್ನು ಹಿಡಿದುಕೊಂಡಿರುತ್ತಾರೆ, ಅಷ್ಟೆ. “ನಾನಾಗಿ ಏನೂ ಹೇಳಲ್ಲ ಅಕ್ಕ. ಆದ್ರೆ ಅವರೇ ಕೇಳಿದ್ರೆ ಸುಳ್ಳು ಹೇಳಲ್ಲ” ಎಂದೆ. ಅವರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಒಳಗೆ ಟೈಲರ್ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಮುಖಕ್ಕೆ ಬಿಳಿ ಕಾಟನ್ ಮುಸುಕು. ಅಂಗಡಿಯ ಮಾಸ್ಕಲ್ಲ, ಅವರೇ ಹೊಲಿದದ್ದು. ಬಲಗೆನ್ನೆಯ ಕಡೆ ಒಳಗೊಂದು ಜೇಬು, ಅದರಲ್ಲಿ ಹತ್ತಿಯ ಪ್ಯಾಡು. ನೆನೆದಾಗ ಪ್ಯಾಡನ್ನಷ್ಟೇ ಬದಲಿಸಿದರೆ ಸಾಕು. ಕಿವಿಗೆ ಎಲಾಸ್ಟಿಕ್ ತಾಗಿದರೆ ನೋವೆಂದು ಹಿಂದೆ ಕಟ್ಟುವ ಲಾಡಿ. ಅಂಥವು ಏಳು, ದಿನಕ್ಕೊಂದರಂತೆ ಹಗ್ಗದ ಮೇಲೆ ಒಣಗುತ್ತಿದ್ದವು. ಇಷ್ಟು ವರ್ಷದಲ್ಲಿ ಇಷ್ಟು ಚೊಕ್ಕವಾದ ಮುಸುಕು ನಾನು ಯಾವ ಆಸ್ಪತ್ರೆಯಲ್ಲೂ ನೋಡಿಲ್ಲ.

ಗಾಯದ ವಾಸನೆಗೆ ದುಬಾರಿ ಮದ್ದೇನೂ ಬೇಕಿಲ್ಲ. ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಆ ವಾಸನೆಗೆ ಕಾರಣ. ಹೊಟ್ಟೆ ಕೆಟ್ಟಾಗ ಕೊಡುವ ಮೆಟ್ರೊನಿಡಜೋಲ್ ಮಾತ್ರೆಯನ್ನೇ ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿದರೆ ಕೆಲವೇ ದಿನದಲ್ಲಿ ತಗ್ಗುತ್ತದೆ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆಯುವುದು; ಹಳೇ ಪಂಚೆಯನ್ನು ತುಂಡು ಮಾಡಿ, ಡಬ್ಬಿಯಲ್ಲಿಟ್ಟು ಕುಕ್ಕರಿನಲ್ಲಿ ಹಬೆ ಹಾಯಿಸಿ ಡ್ರೆಸ್ಸಿಂಗಿಗೆ ಬಳಸುವುದು. ತುಂಡು ಮಾಡುವ ಕೆಲಸವನ್ನು ಟೈಲರ್ ತಾವೇ ತೆಗೆದುಕೊಂಡರು. ಕತ್ತರಿ ಹಿಡಿದಾಗ ಕೈ ನಡುಗಲಿಲ್ಲ. ಅವತ್ತು ಗಾಯದ ಅಂಚಿನಲ್ಲಿ ನಾಲ್ಕು ಹುಳು ಕಂಡವು. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹತ್ತಿರ ಹಿಡಿದರೆ ಹೊರಗೆ ಬರುತ್ತವೆ, ಚಿಮಟದಲ್ಲಿ ತೆಗೆದೆ. ಹೆಂಡತಿ ನೋಡಬಾರದೆಂದು ಟೈಲರ್ ಅವರನ್ನು ಕಾಫಿ ಮಾಡಲು ಕೈಸನ್ನೆಯಲ್ಲೇ ಒಳಗೆ ಕಳಿಸಿದರು. ಅದನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ನೋವಿಗೆ ಮಾರ್ಫಿನ್ ಶುರು ಮಾಡಿದ್ದು ನಮ್ಮ ಡಾಕ್ಟರು. 10 ಮಿಲಿಗ್ರಾಂ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕದಡಿ ನಳಿಗೆಯಲ್ಲಿ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತಕ್ಕೆ ಎರಡು ಮಾತ್ರೆ ಒಟ್ಟಿಗೆ. ಹಾಗೆ ಕೊಟ್ಟರೆ ನಡುರಾತ್ರಿ ಎಬ್ಬಿಸಬೇಕಿಲ್ಲ. ಜೊತೆಗೆ ಮಲ ಸಡಿಲವಾಗಲು ಸಿರಪ್ಪು. ಮಾರ್ಫಿನ್ ಕೊಟ್ಟು ಅದನ್ನು ಮರೆತರೆ ರೋಗಿ ನೋವಿಗಿಂತ ಮಲಬದ್ಧತೆಯಲ್ಲೇ ಒದ್ದಾಡುತ್ತಾರೆ.

ಒಂದು ವಾರ ಬಿಟ್ಟು ಹೋದರೆ ನೋವು ಹತ್ತಕ್ಕೆ ಆರು. ಹೆಂಡತಿ ಪಕ್ಕದಲ್ಲೇ ನಿಂತಿದ್ದರು. “ಕಡಿಮೆ ಅಲ್ವೇನ್ರೀ?” ಅಂದರು. ಅವರು ಹೌದೆಂದು ತಲೆಯಾಡಿಸಿ ಬೆರಳಲ್ಲಿ ಆರು ತೋರಿಸಿದರು. ಆ ಆರು ನಿಜವಲ್ಲ, ಹೆಂಡತಿಗಾಗಿ ತೋರಿಸಿದ್ದು. ಮನೆಯವರ ಎದುರಿಗೆ ನೋವಿನ ಅಂಕ ಕೇಳಬಾರದು ಎಂಬುದು ತರಬೇತಿಯ ಮೊದಲ ವಾರದಲ್ಲೇ ಕಲಿತ ಪಾಠ, ಆದರೂ ಕೇಳಿದ್ದೆ. ಇನ್ನೊಂದು ತಪ್ಪು, ಮಾತ್ರೆ ಎಣಿಸದೇ ಇದ್ದದ್ದು. ಎಣಿಸಿದರೆ ವಾರಕ್ಕೆ 42 ಖಾಲಿಯಾಗಬೇಕಿತ್ತು. ಖಾಲಿಯಾದದ್ದು ಹದಿಮೂರು.

“ತೀರಾ ತಡ್ಕೊಳಕ್ಕಾಗ್ದಾಗ ಕೊಡ್ತಿದೀನಿ ಸಿಸ್ಟರ್. ಅದು ಅಫೀಮಂತೆ, ಅಭ್ಯಾಸ ಆಗ್ಬಿಡುತ್ತಂತೆ. ಈಗ್ಲೇ ಕೊಟ್ಬಿಟ್ರೆ ಮುಂದಕ್ಕೆ ಏನು ಉಳೀತದೆ?”

ಇದರಲ್ಲಿ ಎರಡು ಭಯ ಇವೆ. ಎರಡೂ ಅವರೊಬ್ಬರದೇ ಅಲ್ಲ, ದೇಶದ್ದೇ. ಔಷಧಕ್ಕಾಗಿ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಪರವಾನಗಿಯಲ್ಲಿ ಗಸಗಸೆ ಹೊಲಗಳಿವೆ. ಆದರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಒಂದು ಮಾರ್ಫಿನ್ ಡಬ್ಬಿ ತರಿಸಲು ಹಲವು ಲೈಸೆನ್ಸು ಬೇಕಾಯಿತು. ಲೆಕ್ಕ ತಪ್ಪಿದರೆ ಜೈಲೆಂಬ ಭಯಕ್ಕೆ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಒಂದಿಡೀ ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಬರೆಯಲು ಕಲಿಯದೆಯೇ ಓದು ಮುಗಿಸಿದರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ ಸಾಕೆಂದಾಯಿತು. ಕಾನೂನು ಸಡಿಲವಾದರೂ ಊರಿನ ಮೆಡಿಕಲ್ ಶಾಪಿನಿಂದ ಹಿಡಿದು ಮೈದುನನ ಮನೆಯವರೆಗೆ ಭಯ ಹಾಗೇ ಕೂತಿದೆ.

“ನೋವು ಬಂದ ಮೇಲೆ ಕೊಟ್ಟರೆ ಅದನ್ನು ಅಟ್ಟಿಸಿಕೊಂಡು ಓಡಿದ ಹಾಗೆ ಅಕ್ಕ, ಬರೋಕೆ ಮುಂಚೆ ಬಾಗಿಲು ಹಾಕ್ಬೇಕು” ಎಂದು ಹೇಳಿದೆ. ಮುಂದಕ್ಕೆ ಉಳಿಯುವುದಿಲ್ಲ ಎಂಬುದಕ್ಕೂ ಉತ್ತರವಿತ್ತು: ಮಾರ್ಫಿನ್‌ಗೆ ಇಷ್ಟೇ ಎಂಬ ಮೇಲ್ಮಿತಿ ಇಲ್ಲ, ನೋವು ಹೆಚ್ಚಾದರೆ ನೋಡಿಕೊಂಡು ಡೋಸ್ ಏರಿಸಬಹುದು. ಹೊತ್ತು ತಪ್ಪದಿರಲು ಬರೆದಿಡೋಣ, ಯಾವುದಾದರೂ ಪುಸ್ತಕ ಇದೆಯಾ ಎಂದು ಕೇಳಿದೆ. ಚಿಕ್ಕ ಮಗ ಅಂಗಡಿಯ ಆರ್ಡರ್ ಬುಕ್ಕು ತಂದುಕೊಟ್ಟ. ಅರ್ಧ ಖಾಲಿ ಇತ್ತು.

ಖಾಲಿ ಹಾಳೆ ಹುಡುಕುತ್ತಾ ತಿರುವಿದೆ. ಅಳತೆಗಳು, ಹೆಸರಿನ ಮುಂದೆ ತಾರೀಖು, ಬ್ಲೌಸ್ ಪೀಸಿನ ಚೂರೊಂದನ್ನು ಸ್ಟೇಪಲ್ ಮಾಡಿದ್ದು. ಗೌರಿ ಹಬ್ಬದ ಆರ್ಡರುಗಳ ಮುಂದೆಲ್ಲ ‘ಕೊಟ್ಟಿದೆ’. ದಸರೆಯವು ಅರ್ಧ ಆಗಿದ್ದವು. ದೀಪಾವಳಿಗೆಂದು ಒಪ್ಪಿಕೊಂಡಿದ್ದ ಹದಿನಾಲ್ಕು ಆರ್ಡರಿನ ಮುಂದೆ ಮಾತ್ರ ಒಂದೇ ಕೈಬರಹದಲ್ಲಿ, ಒಂದೇ ದಿನದ ತಾರೀಖಿನಲ್ಲಿ ‘ವಾಪಸ್’.

ಆ ತಾರೀಖನ್ನು ಡಿಸ್ಚಾರ್ಜ್ ಕಾಗದದ ಪಕ್ಕ ಹಿಡಿದು ನೋಡಿದೆ. ಬೆಂಗಳೂರಿನಿಂದ ವಾಪಸು ಬಂದ ಮರುದಿನದ್ದು.

ಅಂಗಡಿಯ ಹುಡುಗ ಹದಿನಾಲ್ಕು ಮನೆಗೆ ಬಟ್ಟೆ ತಿರುಗಿಸಿ ಕೊಟ್ಟು ಬಂದಿದ್ದಾನೆ. ಅಂದರೆ ದೀಪಾವಳಿಗೆ ಟೈಲರ್ ಇರುವುದಿಲ್ಲವೆಂದು ಅರ್ಧ ಊರಿಗೆ ಟೈಲರೇ ತಿಳಿಸಿದ್ದಾರೆ. ಅವರಿಗೆ ಎಲ್ಲ ಗೊತ್ತಿದೆ ಎಂಬುದು ಗೊತ್ತಾಗದೇ ಉಳಿದದ್ದು ಅವರ ಮನೆಯೊಂದಕ್ಕೇ.

ಮರುದಿನ ಡಾಕ್ಟರೊಂದಿಗೆ ಹೋದಾಗ ಹೆಂಡತಿ ನಲ್ಲಿ ನೀರು ಹಿಡಿಯಲು ಹೋಗಿದ್ದರು. ಡಾಕ್ಟರು ಕೇಳಿದ್ದು ಇಷ್ಟೇ: “ಕಾಯಿಲೆ ಹೇಗೆ ಸಾಗ್ತಿದೆ ಅಂತ ನಿಮಗೆ ಅನ್ಸುತ್ತೆ?” ಟೈಲರ್‌ಗೆ ಮಾತು ಬಾರದು, ಅಳತೆ ಚೀಟಿಯ ಹಿಂದೆ ಬರೆಯುತ್ತಿದ್ದರು. ಬರೆದು ನನ್ನ ಕಡೆ ತಿರುಗಿಸಿದರು.

‘ಮುಗೀತು ಅಂತ ಗೊತ್ತು. ಇವಳಿಗೆ ಗೊತ್ತಿಲ್ಲ. ಹೇಳಬೇಡಿ.’

ಉಪಶಾಮಕ ಆರೈಕೆಯವರ, ಅಂದರೆ ಗುಣವಾಗದ ರೋಗದಲ್ಲಿ ನೋವು ಇಳಿಸುವ ನಮ್ಮಂಥವರ ನಡುವೆ, ಒಳ್ಳೆಯದಕ್ಕೆಂದು ಹೀಗೆ ನಿಜ ಮುಚ್ಚಿಡುವುದಕ್ಕೆ ಒಂದು ಹೆಸರಿದೆ, ಕೊಲ್ಯೂಷನ್ ಎನ್ನುತ್ತೇವೆ. ಕಣ್ಣಾಮುಚ್ಚಾಲೆ ಅಂದರೂ ನಡೆದೀತು, ವ್ಯತ್ಯಾಸ ಇಷ್ಟೇ, ಇಲ್ಲಿ ಆಡುವ ಇಬ್ಬರ ಕಣ್ಣಿಗೂ ಬಟ್ಟೆ ಇರುತ್ತದೆ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸು, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರಾದವರು. ನೋವು ಮೈಯದಷ್ಟೇ ಅಲ್ಲ; ದುಡ್ಡಿನ ಚಿಂತೆ, ಮಕ್ಕಳ ಚಿಂತೆ, ಹೇಳದೆ ನುಂಗಿದ ಮಾತು ಎಲ್ಲ ಸೇರಿ ‘ಸಮಗ್ರ ನೋವು’ ಆಗುತ್ತದೆಂದು ಅವರು ತೋರಿಸಿಕೊಟ್ಟರು. ಪುಸ್ತಕದಲ್ಲಿ ಓದುವಾಗ ಇದು ಒಳ್ಳೆಯ ಮಾತಿನಂತೆ ಕಾಣುತ್ತದೆ. ಮಾತ್ರೆಗೆ ಬಗ್ಗದ ನೋವು ಎದುರಿಗೆ ಕೂತಾಗ ಮಾತ್ರ ಇದು ಲೆಕ್ಕ ಹಾಕಬೇಕಾದ ಸಂಗತಿ ಎಂದು ತಿಳಿಯುತ್ತದೆ.

ನಾವು ಆ ದಿನ ಯಾರಿಗೂ ಏನನ್ನೂ ‘ತಿಳಿಸಲಿಲ್ಲ’. ಹೆಂಡತಿ ಕೊಡ ಇಳಿಸಿ ಬಂದ ಮೇಲೆ, ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ ಒಪ್ಪಿಸಿ, ಒಟ್ಟಿಗೆ ಕೂರಿಸಿ ಡಾಕ್ಟರು ಅಂದರು: “ನೀವಿಬ್ರೂ ನಮ್ಮ ಹತ್ರ ಒಂದೇ ಮಾತು ಹೇಳಿದೀರ. ಅದನ್ನ ಒಬ್ಬರಿಗೊಬ್ಬರು ಹೇಳ್ಕೊಳ್ಳಿ.”

ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಟೈಲರ್ ಆರ್ಡರ್ ಬುಕ್ಕು ತೆಗೆದು ಆ ಪುಟವನ್ನು ಹೆಂಡತಿಯ ಮಡಿಲಿಗಿಟ್ಟರು. ಅವರು ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಹದಿನಾಲ್ಕೂ ಓದಿ ಮುಗಿಸಿ, “ಸರೋಜಮ್ಮನ್ ಮಗಳ ಮದ್ವೆ ಬ್ಲೌಸೂ ವಾಪಸ್ ಕೊಟ್ರಾ? ಅವ್ರು ಅಡ್ವಾನ್ಸ್ ಕೊಟ್ಟಿದ್ರಲ್ಲ” ಎಂದರು. ಅವರು ಕೊಟ್ಟೆ ಎಂದು ತಲೆಯಾಡಿಸಿದರು. ಗಡಿಯಾರ ಎರಡು ತೋರಿಸುತ್ತಿತ್ತು. ಹೆಂಡತಿ ಎದ್ದು ಒಳಗೆ ಹೋಗಿ ಮಾತ್ರೆ ಕದಡಿ ತಂದರು. ಅಳುವುದೆಲ್ಲ ಆಮೇಲೆ, ನಾವು ಹೋದ ಮೇಲೆ ಆಗಿರಬೇಕು.

ಹೊತ್ತು ಹೊತ್ತಿಗೆ ಮಾತ್ರೆ ಹೋದದ್ದರಿಂದ ನಾಲ್ಕೇ ದಿನಕ್ಕೆ ನೋವು ನಾಲ್ಕಕ್ಕೆ ಇಳಿಯಿತು. ಡೋಸ್ ಒಂದೂವರೆ ಮಾತ್ರೆಗೆ ಏರಿಸಿ, ನರದ ನೋವಿಗೆ ರಾತ್ರಿಗೊಂದು ಕ್ಯಾಪ್ಸೂಲ್ ಸೇರಿಸಿದಾಗ ಎರಡಾಯಿತು. ಇಳಿದದ್ದರಲ್ಲಿ ಮಾತ್ರೆಯ ಪಾಲೆಷ್ಟು, ಮಾತಿನ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ, ಎರಡೂ ಒಂದೇ ವಾರದಲ್ಲಿ ಆದವು. ಆದರೆ ಆ ವಾರದಿಂದ ಅವರು ತೋರಿಸಿದ ಬೆರಳುಗಳನ್ನು ನಂಬಬಹುದಿತ್ತು.

ಗುಟ್ಟು ಹೋದ ಮೇಲೆ ಕೆಲಸಗಳು ಚಕಚಕ ಆದವು. ಚೀಟಿಯ ಬಾಕಿ ಎಷ್ಟು, ಅಂಗಡಿ ಅಡ್ವಾನ್ಸ್ ಯಾರ ಹತ್ತಿರ, ಬ್ಯಾಂಕ್ ಖಾತೆಗೆ ನಾಮಿನಿ ಯಾರು, ಅಡವಿಟ್ಟ ಸರದ ರಸೀದಿ ಎಲ್ಲಿ, ಎಲ್ಲವೂ ಅದೇ ಬುಕ್ಕಿನಲ್ಲಿ ಮಾರ್ಫಿನ್ ಲೆಕ್ಕದ ಎದುರು ಪುಟಕ್ಕೆ ಬಂತು. ಚಿಕ್ಕ ಮಗನಿಗೆ ಹೇಳಿದ್ದು ತಾಯಿಯೇ. ಅಪ್ಪ ಹಠ ಮಾಡಿ ಆಸ್ಪತ್ರೆಗೆ ಹೋಗುತ್ತಿಲ್ಲವೆಂದು ಎರಡು ತಿಂಗಳಿಂದ ಅವನು ಮಾತು ಬಿಟ್ಟಿದ್ದನಂತೆ. ಆಮೇಲೆ ಬೆಳಿಗ್ಗೆ ಆರರ ಡೋಸು ಅವನ ಪಾಲಿಗೆ ಹೋಯಿತು.

ದೊಡ್ಡಪ್ಪನದು ಬೇರೆಯೇ ದಾರಿ. ಎಲ್ಲಿಂದಲೋ ಬೇರು-ತೊಗಟೆಯ ಕಷಾಯ ತಂದು ತಮ್ಮನ ನಳಿಗೆಗೆ ಬಿಟ್ಟರು. ಗಸಿ ಕೂತು ನಳಿಗೆ ಕಟ್ಟಿಕೊಂಡಿತು. ತೆಗೆದು ಹೊಸದು ಹಾಕಬೇಕಾಯಿತು. ಬಾಯಿ ತೆರೆಯದವರಿಗೆ, ಗಂಟಲಲ್ಲಿ ಗಡ್ಡೆ ಇರುವವರಿಗೆ ಮತ್ತೆ ನಳಿಗೆ ಹಾಕುವುದೆಂದರೆ ಏನು ಎಂದು ಬರೆಯಲು ನನಗೆ ಮನಸ್ಸಿಲ್ಲ. ಆದರೂ ದೊಡ್ಡಪ್ಪನನ್ನು ಬೈಯಲಿಲ್ಲ. ಅವರಿಗೂ ಏನಾದರೂ ಮಾಡಬೇಕಿತ್ತು. ಮಜ್ಜಿಗೆ, ರಾಗಿ ಗಂಜಿ ಬಟ್ಟೆಯಲ್ಲಿ ಸೋಸಿ ಕೊಡುವ ಕೆಲಸ ಅವರಿಗೆ ವಹಿಸಿದೆವು.

ನಾಲ್ಕನೇ ವಾರ ಕತ್ತಿನ ರಕ್ತನಾಳದ ಹತ್ತಿರಕ್ಕೆ ಗಡ್ಡೆ ಬಂದಿತ್ತು. ಇದ್ದಕ್ಕಿದ್ದಂತೆ ರಕ್ತ ಚಿಮ್ಮಬಹುದು. ಹಾಗಾದರೆ ಬಿಳಿ ಬಟ್ಟೆಯಲ್ಲಿ ಕೆಂಪು ನೋಡಿ ಮನೆಯವರು ಕಂಗಾಲಾಗುತ್ತಾರೆಂದು ಗಾಢ ಬಣ್ಣದ ದಪ್ಪ ಟವೆಲ್ ಹಾಸಿಗೆಯ ಪಕ್ಕ ಇಡಲು ಹೇಳುತ್ತೇವೆ. ದೊಡ್ಡ ಮಗನಿಗೆ ಅಂಗಳದಲ್ಲಿ ಪಿಸುಗುಟ್ಟುತ್ತಿದ್ದೆ. ಹಳೇ ಅಭ್ಯಾಸ ನನಗೂ ಬಿಟ್ಟಿರಲಿಲ್ಲ. ಟೈಲರ್ ಕಿಟಕಿಯಿಂದ ಚಪ್ಪಾಳೆ ತಟ್ಟಿ ಕರೆದು, ಕಪಾಟಿನ ಕೆಳಗಿನ ಅರೆಯತ್ತ ಬೆರಳು ತೋರಿಸಿದರು. ಕೋಟಿನ ಒಳಬಟ್ಟೆಗೆಂದು ತಂದಿಟ್ಟಿದ್ದ ಕಡು ಮೆರೂನ್ ಬಟ್ಟೆ, ಐದು ಮೀಟರ್. ಕೊನೆಗೆ ರಕ್ತ ಬರಲೇ ಇಲ್ಲ, ಬಟ್ಟೆ ಹಾಗೇ ಉಳಿಯಿತು.

ಹಾಸ್ಪಿಸ್‌ಗೆ ಕರೆದುಕೊಂಡು ಹೋಗುವ ಮಾತು ಎದ್ದದ್ದು ರೋಗದಿಂದಲ್ಲ, ಮನೆ ಓನರಿನಿಂದ. ಬಾಡಿಗೆ ಮನೆ. ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕೆಂಬ ನಂಬಿಕೆ ನಮ್ಮ ಕಡೆ ಗಟ್ಟಿ; ಆ ನಷ್ಟ ಯಾರ ತಲೆಗೆ? ಓನರಮ್ಮ ಕೆಟ್ಟವರೇನಲ್ಲ, ದಿನಾ ಎಳನೀರು ಕಳಿಸುತ್ತಿದ್ದವರೇ. “ಇನ್ನೊಂದ್ ಕಡೆ ವ್ಯವಸ್ಥೆ ನೋಡ್ಕೊಳ್ಳಿ ಅಂತ ಬಾಯಿಬಿಟ್ಟು ಹೇಳೋಕೂ ಆಗ್ತಿಲ್ಲ ಸಿಸ್ಟರ್” ಎಂದು ನನ್ನ ಹತ್ತಿರ ಕಣ್ಣೀರು ಹಾಕಿದರು. ಮನೆಯಲ್ಲಿ ಸಾಯುವುದೇ ಮೇಲು ಎಂದು ಸಲೀಸಾಗಿ ಹೇಳುವವರು ಬಾಡಿಗೆ ಮನೆಯವರನ್ನು ಒಂದು ಮಾತು ಕೇಳಬೇಕು.

ದೊಡ್ಡಪ್ಪ ಒಪ್ಪಲಿಲ್ಲ. “ಸಾಯೋಕೆ ಬಿಟ್ಟು ಬಂದ್ರು ಅಂತಾರೆ ಊರೋರು.” ಹಾಸ್ಪಿಸ್ ಎಂದರೆ ಏನೆಂದು ಅವರಿಗೆ ತೋರಿಸುವುದೇ ಸುಲಭವೆಂದು ಒಂದು ದಿನ ಕರೆದೊಯ್ದೆವು. ದೇಶದಲ್ಲಿ ಮೊದಲ ಹಾಸ್ಪಿಸ್, ಮುಂಬೈನ ಶಾಂತಿ ಅವೇದನಾ ಸದನ, ಶುರುವಾದದ್ದು 1986ರಲ್ಲಿ. ಬೆಂಗಳೂರಿನ ಮಾರತಹಳ್ಳಿ ಬಳಿ ಕರುಣಾಶ್ರಯ 1999ರಿಂದ ರೋಗಿಗಳನ್ನು ಉಳಿಸಿಕೊಂಡು ಬಿಡಿಗಾಸೂ ಪಡೆಯದೆ ನೋಡಿಕೊಳ್ಳುತ್ತಿದೆ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಕೆಲಸ ಕೇರಳದಲ್ಲಿ ಊರವರೇ ಮನೆಮನೆಗೆ ಹೋಗಿ ನೋಡುವ ಪದ್ಧತಿಯಾಗಿ ಬೆಳೆಯಿತು. ನಮ್ಮದು ಇವುಗಳ ಮುಂದೆ ತೀರಾ ಚಿಕ್ಕದು. ದೊಡ್ಡಪ್ಪ ವಾರ್ಡು ಸುತ್ತಿದರು. ಹಾಸಿಗೆಯ ಪಕ್ಕದಲ್ಲೇ ಮನೆಯವರು ಮಲಗಲು ಜಾಗ ಇದೆಯೇ, ಅಡುಗೆಗೆ ಸೋಡಾಪುಡಿ ಹಾಕುತ್ತೀರಾ ಎಂದು ಕೇಳಿದರು. ಇದೆ, ಹಾಕುವುದಿಲ್ಲ. ಸರಿ ಎಂದರು.

ಹತ್ತು ದಿನ ಇದ್ದರು. ಆ ಹತ್ತು ದಿನದಲ್ಲಿ ಹೆಂಡತಿ ಮೊದಲ ಮೂರು ದಿನ ಬರೀ ನಿದ್ದೆ ಮಾಡಿದರು. ಗಾಯ ಚೊಕ್ಕವಾಯಿತು. ಆಯುಧಪೂಜೆಗೆ ಮನೆಗೆ ಹೋಗಬೇಕೆಂದು ಟೈಲರ್ ಚೀಟಿ ಬರೆದರು. ಹಾಸ್ಪಿಸ್‌ಗೆ ಹೋದವರು ಮರಳಿ ಬರುವುದೇ ಇಲ್ಲವೆಂದುಕೊಂಡಿದ್ದ ಕೇರಿಯವರು ಅವರು ವ್ಯಾನಿನಿಂದ ಇಳಿಯುವುದನ್ನು ನಿಂತು ನೋಡಿದರು. ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟು, ಚೆಂಡುಹೂವು ಏರಿಸಿ, ಕುಂಬಳಕಾಯಿ ಒಡೆದರು. ಅವತ್ತು ಅವರು ಹಾಕಿದ್ದು ಜರಿ ಅಂಚಿನ ಮುಸುಕು.

ದಸರೆ ಮುಗಿದ ವಾರ ಎದೆಯಲ್ಲಿ ಸೋಂಕು ಸೇರಿ ಉಸಿರು ಕಷ್ಟವಾಯಿತು. ದೊಡ್ಡಪ್ಪ ಜಿಲ್ಲಾಕೇಂದ್ರದ ಐಸಿಯುಗೆ ಸೇರಿಸೋಣವೆಂದರು. ಟೈಲರ್ ಪೂರ್ಣ ಎಚ್ಚರದಲ್ಲಿದ್ದರು. ಚೀಟಿಯಲ್ಲಿ ಬರೆದರು: ‘ಇನ್ನೊಂದು ಮೆಷಿನ್ ಬೇಡ. ಇರುವ ಒಂದು ಸಾಕು.’ ದೊಡ್ಡಪ್ಪನಿಗೆ ನಗು, ಅಳು ಒಟ್ಟಿಗೆ ಬಂತು. ವೆಂಟಿಲೇಟರಿನ ಮೇಲೆ ಒಮ್ಮೆ ಹಾಕಿದ ಮೇಲೆ ತೆಗೆಯುವುದು ಬೇರೆಯೇ ಹಾದಿ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವ ಹಕ್ಕನ್ನೂ, ಕೊನೆಗಾಲದಲ್ಲಿ ಇಂಥ ಚಿಕಿತ್ಸೆ ಬೇಡವೆಂದು ಮುಂಚೆಯೇ ಉಯಿಲು ಬರೆದಿಡುವುದನ್ನೂ ಒಪ್ಪಿ, 2023ರಲ್ಲಿ ನಿಯಮಗಳನ್ನು ಸರಳ ಮಾಡಿದೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಈ ಮನೆಗೆ ಅದ್ಯಾವುದರ ಅಗತ್ಯವೂ ಬೀಳಲಿಲ್ಲ. ಸ್ವಂತ ಬುದ್ಧಿಯಲ್ಲಿರುವ ರೋಗಿ ಬೇಡ ಎಂದರೆ ಅದೇ ಸಾಕು.

ಮತ್ತೆ ಹಾಸ್ಪಿಸ್‌ಗೆ ಬಂದರು. ಕೊನೆಯ ಎರಡು ದಿನ ಗಂಟಲಲ್ಲಿ ಗೊರಗೊರ ಸದ್ದು. ನೋಡುವವರಿಗೆ ಅದು ಭಯಂಕರ; ಅರಿವು ತಪ್ಪಿದವರಿಗೆ ಅದರಿಂದ ಹಿಂಸೆಯಿಲ್ಲ. ಡ್ರಿಪ್ ಹಾಕಿದರೆ ಆ ನೀರೇ ಸದ್ದನ್ನು ಹೆಚ್ಚಿಸುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿದೆವು, ಸ್ರಾವ ಕಡಿಮೆಯಾಗಲು ಚರ್ಮದಡಿಗೆ ಇಂಜೆಕ್ಷನ್ ಕೊಟ್ಟೆವು, ಮಾರ್ಫಿನ್ನೂ ಅದೇ ದಾರಿಯಲ್ಲಿ. ಗಂಗಾಜಲ ಬಿಡಬೇಕೆಂದು ದೊಡ್ಡಪ್ಪ ಥಾಲಿ ಹಿಡಿದು ನಿಂತಿದ್ದರು, ಬಾಯಿ ತೆರೆಯದು. ಹತ್ತಿಯಲ್ಲಿ ಅದ್ದಿ ತುಟಿಗೆ ಸವರಬಹುದು ಎಂದೆ. ಒಬ್ಬೊಬ್ಬರಾಗಿ ಸವರಿದರು. ಬೆಳಗಿನ ಜಾವ ನಾಲ್ಕೂ ಇಪ್ಪತ್ತಕ್ಕೆ ಉಸಿರು ನಿಂತಿತು. ದೀಪಾವಳಿಗೆ ಇನ್ನು ಎಂಟು ದಿನ ಇತ್ತು. ಹಾಸ್ಪಿಸ್‌ನಿಂದಲೇ ನೇರ ಹುಟ್ಟೂರಿನ ತೋಟಕ್ಕೆ ಒಯ್ದರು.

ತಿಥಿ ಕಳೆದು ತಿಂಗಳಾದ ಮೇಲೆ ಮನೆಗೆ ಹೋಗಿದ್ದೆ. ಸತ್ತ ಮೇಲೂ ಮನೆಯವರನ್ನು ನೋಡಿಬರುವುದು ನಮ್ಮ ಕೆಲಸದ ಭಾಗ. ಓನರಮ್ಮ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ದೊಡ್ಡ ಮಗ ಬೆಂಗಳೂರಿಗೆ ವಾಪಸಾಗಿದ್ದ, ಚಿಕ್ಕವನು ಕಾಲೇಜಿಗೆ ಹೋಗಿದ್ದ. “ರಾತ್ರಿ ಹತ್ತಾಗೋತನಕ ಮಲಗೋಕೆ ಆಗಲ್ಲ ಸಿಸ್ಟರ್. ಹತ್ತು ಹೊಡೆದ ಮೇಲೆ ಒಂದ್ಸಲ ಅಡುಗೆಮನೆಗೆ ಹೋಗಿ ಬಂದು ಆಮೇಲೆ ಮಲಗ್ತೀನಿ” ಎಂದರು ಅಕ್ಕ.

ಉಳಿದ ಮಾರ್ಫಿನ್ ನಾವು ಹಿಂದಕ್ಕೆ ಪಡೆದು ಲೆಕ್ಕಕ್ಕೆ ತೋರಿಸಬೇಕು. ಕೇಳುವ ಮೊದಲೇ ಆರ್ಡರ್ ಬುಕ್ಕಿನ ಜೊತೆ ಸ್ಟ್ರಿಪ್ಪುಗಳನ್ನು ತಂದಿಟ್ಟರು. ಎಣಿಸಿದೆ: ಇಪ್ಪತ್ತಮೂರು. ಬುಕ್ಕಿನಲ್ಲೂ ಇಪ್ಪತ್ತಮೂರೇ ಬರೆದಿತ್ತು. ಸಹಿ ಹಾಕಿಸಿಕೊಂಡು ಏಳುವಾಗ ಅವರು ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಹಸಿರು ಬ್ಲೌಸ್ ಪೀಸು, ಅಳತೆ ಚೀಟಿ ಪಿನ್ ಮಾಡಿದ್ದು. ಹದಿನಾಲ್ಕರಲ್ಲಿ ಹದಿಮೂರು ಮನೆ ಸಿಕ್ಕವಂತೆ, ಇದರ ಯಜಮಾನಿ ಊರು ಬಿಟ್ಟಿದ್ದಾರೆ. ನಿಮ್ಮ ವ್ಯಾನು ಗುಬ್ಬಿ ಕಡೆಗೂ ಹೋಗುತ್ತದಲ್ಲ, ಅಲ್ಲಿ ಅವರ ಅಕ್ಕನ ಮನೆ ಇದೆ, ಕೊಟ್ಟುಬಿಡುತ್ತೀರಾ ಎಂದು ಕೇಳಿದರು. ತೆಗೆದುಕೊಂಡೆ.